ಎಚ್‌ಐವಿ ಸಂಶೋಧನೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಎಚ್‌ಐವಿ ಸಂಶೋಧನೆಯ ಬಗ್ಗೆ ಪ್ರಶ್ನೆಗಳಿದ್ದರೆ ಬರೆದು ಕಳುಹಿಸಿ ಎಂದು ಹಿಂದಿನ ಸಂಚಿಕೆಯಲ್ಲಿ ಕೋರಿದ್ದೆವು. ಬಂದ ಪತ್ರಗಳಲ್ಲಿ ಬಹುಪಾಲು ಬೆಂಗಳೂರಿನವು. ಹೆಸರು ಪ್ರಕಟಿಸಬೇಡಿ ಎಂದು ಹಲವರು ಕೇಳಿಕೊಂಡಿರುವುದರಿಂದ ಎಲ್ಲರನ್ನೂ ಬಡಾವಣೆಯ ಹೆಸರಿನಿಂದಷ್ಟೇ ಗುರುತಿಸಿದ್ದೇವೆ. ಸೊಳ್ಳೆ ಕಚ್ಚಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಕೈ ಕುಲುಕಿದರೆ ಸೋಂಕು ತಗಲುತ್ತದೆಯೇ ಎಂದು ಕೇಳಿದ ಪತ್ರಗಳಿಗೆಲ್ಲ ಒಂದೇ ಉತ್ತರ: ಇಲ್ಲ. ಉಳಿದ ಪ್ರಶ್ನೆಗಳು ಅಷ್ಟು ಸುಲಭದವಲ್ಲ.

ಪ್ರಶ್ನೆ: ಕೊರೊನಾ ಬಂದು ಒಂದು ವರ್ಷ ತುಂಬುವುದರೊಳಗೆ ಲಸಿಕೆ ಬಂತು. ಎಚ್‌ಐವಿ ಪತ್ತೆಯಾಗಿ ನಲವತ್ತು ವರ್ಷ ದಾಟಿದರೂ ಲಸಿಕೆ ಇಲ್ಲ. ಕಂಪನಿಗಳಿಗೆ ಜೀವನಪೂರ್ತಿ ಮಾತ್ರೆ ಮಾರುವುದೇ ಲಾಭವಾದ್ದರಿಂದ ಲಸಿಕೆಯನ್ನು ಬೇಕೆಂದೇ ತಡೆಹಿಡಿದಿದ್ದಾರೆ ಎಂದು ಬೆಳಗಿನ ವಾಯುವಿಹಾರದ ಗೆಳೆಯರೊಬ್ಬರು ವಾದಿಸುತ್ತಾರೆ. ಇದು ನಿಜವೇ?
— ನಿವೃತ್ತ ಬ್ಯಾಂಕ್ ಉದ್ಯೋಗಿ, ಬಸವನಗುಡಿ

ಉತ್ತರ: ನಿಜವಲ್ಲ. ಆದರೆ ಇಂಥ ಅನುಮಾನ ಹುಟ್ಟಲು ಕಾರಣವಿದೆ. 1983ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಫ್ರಾಂಸ್ವಾಸ್ ಬಾರೆ-ಸಿನೂಸಿ ಮತ್ತು ಲ್ಯೂಕ್ ಮಾಂಟನಿಯೆ ಅವರ ತಂಡ ಈ ವೈರಸ್ಸನ್ನು ಗುರುತಿಸಿತು. ಮರುವರ್ಷ ಏಪ್ರಿಲ್‌ನಲ್ಲಿ ಅಮೆರಿಕದ ಆರೋಗ್ಯ ಕಾರ್ಯದರ್ಶಿ ಮಾರ್ಗರೆಟ್ ಹೆಕ್ಲರ್ ಅವರು, ಸುಮಾರು ಎರಡು ವರ್ಷಗಳಲ್ಲಿ ಲಸಿಕೆಯೊಂದು ಪರೀಕ್ಷೆಗೆ ಸಿದ್ಧವಾದೀತೆಂದು ಪತ್ರಿಕಾಗೋಷ್ಠಿಯಲ್ಲಿ ಹೇಳಿಬಿಟ್ಟರು. ಆ ಮಾತು ಸುಳ್ಳಾದದ್ದು ಯಾರ ಸಂಚಿನಿಂದಲೂ ಅಲ್ಲ, ವೈರಸ್ಸಿನ ಸ್ವಭಾವದಿಂದ.

ಸಿಡುಬು, ದಡಾರ, ಕೊರೊನಾ ಬಂದವರಲ್ಲಿ ಹೆಚ್ಚಿನವರು ತಾವಾಗಿ ಗುಣಮುಖರಾಗುತ್ತಾರೆ. ಅಂದರೆ ಆ ವೈರಸ್ಸನ್ನು ಸೋಲಿಸುವ ದಾರಿ ನಮ್ಮ ದೇಹಕ್ಕೆ ಮೊದಲೇ ಗೊತ್ತಿದೆ, ಲಸಿಕೆಯ ಕೆಲಸ ಅದನ್ನು ಮುಂಚಿತವಾಗಿ ಕಲಿಸುವುದಷ್ಟೆ. ಎಚ್‌ಐವಿಯನ್ನು ಸಂಪೂರ್ಣವಾಗಿ ಹೊರಹಾಕುವ ಕಲೆ ಸಾಮಾನ್ಯ ದೇಹಕ್ಕೆ ಗೊತ್ತಿಲ್ಲವಾದ್ದರಿಂದ ಲಸಿಕೆ ತಯಾರಿಸುವವರಿಗೆ ನಕಲು ಮಾಡಲು ಮಾದರಿಯೇ ಸಿಗುವುದಿಲ್ಲ. ಸಾಲದ್ದಕ್ಕೆ, ರೋಗದ ವಿರುದ್ಧದ ಹೋರಾಟವನ್ನು ಸಂಘಟಿಸುವ ಸಿಡಿ4 ಜೀವಕೋಶಗಳನ್ನೇ ಇದು ಹೊಕ್ಕು, ತನ್ನ ತಳಿಸಂಕೇತವನ್ನು ಅವುಗಳ ಡಿಎನ್‌ಎಯೊಳಗೆ ಹೊಲಿದುಬಿಡುತ್ತದೆ. ತನ್ನ ಪ್ರತಿಯನ್ನು ತಯಾರಿಸುವಾಗ ಆಗುವ ತಪ್ಪುಗಳನ್ನು ತಿದ್ದಿಕೊಳ್ಳುವ ವ್ಯವಸ್ಥೆ ಈ ವೈರಸ್ಸಿನಲ್ಲಿ ಇಲ್ಲದಿರುವುದರಿಂದ, ಒಬ್ಬನೇ ಸೋಂಕಿತನ ದೇಹದಲ್ಲಿಯೂ ಅಸಂಖ್ಯ ರೂಪಾಂತರಗಳು ಹುಟ್ಟುತ್ತವೆ. ಒಂದು ರೂಪವನ್ನು ಗುರುತಿಸಿ ಹಿಡಿಯುವ ಪ್ರತಿಕಾಯ ಸಿದ್ಧವಾಗುವ ಹೊತ್ತಿಗೆ ವೈರಸ್ ಬೇರೆಯೇ ಆಗಿರುತ್ತದೆ. ಅದರ ಹೊರಕವಚವನ್ನು ಮುಚ್ಚಿರುವ ಸಕ್ಕರೆಯ ಸರಪಣಿಗಳೋ ನಮ್ಮ ಜೀವಕೋಶಗಳೇ ತಯಾರಿಸಿದವು. ಹೀಗಾಗಿ ದೇಹಕ್ಕೆ ಅದು ಪರಕೀಯವೆಂದು ಸುಲಭವಾಗಿ ತೋರುವುದೂ ಇಲ್ಲ.

ಪ್ರಯತ್ನಗಳು ಕಡಿಮೆಯೇನಲ್ಲ. ಥಾಯ್ಲೆಂಡಿನಲ್ಲಿ 16,000ಕ್ಕೂ ಹೆಚ್ಚು ಸ್ವಯಂಸೇವಕರು ಪಾಲ್ಗೊಂಡ ಪರೀಕ್ಷೆಯ ಫಲಿತಾಂಶ 2009ರಲ್ಲಿ ಹೊರಬಿದ್ದಾಗ, ಸೋಂಕಿನ ಪ್ರಮಾಣ ಸುಮಾರು ಶೇ 31ರಷ್ಟು ತಗ್ಗಿದ್ದು ಕಂಡುಬಂತು. ಅದೇ ಮಾದರಿಯನ್ನು ತಿದ್ದಿ ದಕ್ಷಿಣ ಆಫ್ರಿಕದಲ್ಲಿ 5,407 ಮಂದಿಯ ಮೇಲೆ ಪರೀಕ್ಷಿಸಿದಾಗ ಲಸಿಕೆ ಪಡೆದವರಲ್ಲಿ 129 ಮಂದಿಗೂ ಹುಸಿ ಚುಚ್ಚುಮದ್ದು ಪಡೆದವರಲ್ಲಿ 123 ಮಂದಿಗೂ ಸೋಂಕು ತಗುಲಿ, 2020ರ ಫೆಬ್ರವರಿಯಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಕಂಪನಿಯೊಂದು ಕೈಜೋಡಿಸಿದ್ದ ಇನ್ನೆರಡು ದೊಡ್ಡ ಪರೀಕ್ಷೆಗಳು 2021 ಮತ್ತು 2023ರಲ್ಲಿ ವಿಫಲವಾದವು. ನಮ್ಮಲ್ಲೂ 2005ರಲ್ಲಿ ಪುಣೆಯಲ್ಲಿ, 2006ರಲ್ಲಿ ಚೆನ್ನೈನಲ್ಲಿ ಲಸಿಕೆಗಳ ಆರಂಭಿಕ ಹಂತದ ಪರೀಕ್ಷೆ ನಡೆದಿತ್ತು. ಈಗ ವಿಜ್ಞಾನಿಗಳು ಹಿಡಿದಿರುವ ದಾರಿ ಬೇರೆ: ಅನೇಕ ರೂಪಾಂತರಗಳನ್ನು ಒಟ್ಟಿಗೆ ತಡೆಯಬಲ್ಲ ಅಪರೂಪದ ಪ್ರತಿಕಾಯಗಳ ಕಡೆಗೆ ಪ್ರತಿಕಾಯ ತಯಾರಿಸುವ ನಮ್ಮ ಬಿ ಜೀವಕೋಶಗಳನ್ನು ಹಂತಹಂತವಾಗಿ ನಡೆಸಿಕೊಂಡು ಹೋಗುವುದು. 2022ರಲ್ಲಿ ಪ್ರಕಟವಾದ ಚಿಕ್ಕ ಪರೀಕ್ಷೆಯೊಂದರಲ್ಲಿ, ಲಸಿಕೆ ಪಡೆದ 36 ಮಂದಿಯಲ್ಲಿ 35 ಮಂದಿಗೆ ಈ ದಾರಿಯ ಮೊದಲ ಹೆಜ್ಜೆ ಸಾಧ್ಯವಾಯಿತು. ಆದರೆ ಹೆಜ್ಜೆಗಳು ಇನ್ನೂ ಬಹಳ ಇವೆ.

ನಿಮ್ಮ ಗೆಳೆಯರಿಗೆ ಇದನ್ನೂ ಹೇಳಿ. ಕೊರೊನಾ ಲಸಿಕೆ ಅಷ್ಟು ಬೇಗ ಬಂದದ್ದರಲ್ಲಿ ಎಚ್‌ಐವಿ ಸಂಶೋಧನೆಯ ಪಾಲೂ ಇದೆ. ಒಂದು ಕಂಪನಿ ಕೊರೊನಾಕ್ಕೆ ಬಳಸಿದ ಅಡಿನೋವೈರಸ್ ವಾಹಕ (ಲಸಿಕೆಯ ಸಂದೇಶವನ್ನು ಜೀವಕೋಶಕ್ಕೆ ಹೊತ್ತೊಯ್ಯುವ ನಿರುಪದ್ರವಿ ವೈರಸ್) ಮೊದಲು ಎಚ್‌ಐವಿಗೆಂದೇ ಪರೀಕ್ಷೆಯಾದದ್ದು. ಅಮೆರಿಕದಲ್ಲಿ ಕೊರೊನಾ ಪರೀಕ್ಷೆಗಳನ್ನು ನಡೆಸಲು ಎಚ್‌ಐವಿ ಲಸಿಕೆಗೆಂದು ಕಟ್ಟಿದ ಕೇಂದ್ರಗಳ ಜಾಲವೇ ಒದಗಿಬಂತು.

ಪ್ರಶ್ನೆ: ನಾನು ಸೂಕ್ಷ್ಮಜೀವಿವಿಜ್ಞಾನದಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ಎಚ್‌ಐವಿ ಸಂಶೋಧನೆಯೆಂದರೆ ಅಮೆರಿಕ, ಫ್ರಾನ್ಸ್ ಎಂದೇ ಪಠ್ಯದಲ್ಲಿ ಬರುತ್ತದೆ. ಬೆಂಗಳೂರಿನಲ್ಲಿ ಏನಾದರೂ ನಡೆಯುತ್ತಿದೆಯೇ?
— ವಿದ್ಯಾರ್ಥಿನಿ, ಯಲಹಂಕ

ಉತ್ತರ: ನಿಮ್ಮ ಕಾಲೇಜಿನಿಂದ ಬಸ್ಸಿನಲ್ಲಿ ಹೋಗಬಹುದಾದಷ್ಟು ಹತ್ತಿರ, ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೇ ನಡೆದಿದೆ. ಎಚ್‌ಐವಿಯಲ್ಲಿ ಹಲವು ಉಪವಿಧಗಳಿವೆ. ಅಮೆರಿಕ, ಯುರೋಪುಗಳಲ್ಲಿ ಹೆಚ್ಚಾಗಿರುವುದು ‘ಬಿ’. ಭಾರತದಲ್ಲಿ ಹಾಗೂ ದಕ್ಷಿಣ ಆಫ್ರಿಕದಲ್ಲಿ ಹರಡಿರುವುದು ‘ಸಿ’, ಜಗತ್ತಿನ ಸೋಂಕುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇದರವೇ. ಆದರೂ ಬಹುಕಾಲ ಪ್ರಯೋಗಾಲಯಗಳ ಗಮನವೆಲ್ಲ ಹಣವಿರುವ ದೇಶಗಳ ‘ಬಿ’ಯ ಮೇಲೇ ಇತ್ತು. ಜಕ್ಕೂರಿನ ಉದಯಕುಮಾರ್ ರಂಗ ಅವರ ತಂಡ ‘ಸಿ’ಯನ್ನೇ ಅಧ್ಯಯನದ ವಸ್ತುವಾಗಿ ಆರಿಸಿಕೊಂಡಿತು. ವೈರಸ್ಸಿನ ಚಟುವಟಿಕೆಯನ್ನು ಏರಿಸಿ ಇಳಿಸುವ ತಳಿಭಾಗದಲ್ಲಿ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನು ಬಂದು ಕೂರುವ ತಾಣಗಳಿವೆ. ಬೇರೆ ಉಪವಿಧಗಳಲ್ಲಿ ಇವು ಸಾಮಾನ್ಯವಾಗಿ ಎರಡು, ‘ಸಿ’ಯಲ್ಲಿ ಮೂರು. ನಾಲ್ಕು ತಾಣಗಳುಳ್ಳ ತಳಿಗಳೂ ಭಾರತದಲ್ಲಿ ತಲೆಯೆತ್ತುತ್ತಿವೆ ಎಂಬುದನ್ನು ಈ ತಂಡ 2012ರಲ್ಲಿ ಪ್ರಕಟಿಸಿತು. ಅದಕ್ಕೂ ಮೊದಲು, 2004ರಲ್ಲಿ, ‘ಸಿ’ ಉಪವಿಧದ ವೈರಸ್ ತಯಾರಿಸುವ ಟ್ಯಾಟ್ ಎಂಬ ಪ್ರೋಟೀನಿನಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಾಗಿರುವುದರಿಂದ, ರೋಗನಿರೋಧಕ ಕೋಶಗಳನ್ನು ತನ್ನತ್ತ ಸೆಳೆಯುವ ಅದರ ಶಕ್ತಿ ಕುಂದಿದೆ ಎಂದು ತೋರಿಸಿತ್ತು. ಇಲ್ಲಿನ ಸೋಂಕಿತರಲ್ಲಿ ಎಚ್‌ಐವಿಯಿಂದಾಗುವ ಮರೆವಿನ ಕಾಯಿಲೆ ಪಾಶ್ಚಾತ್ಯ ದೇಶಗಳಷ್ಟು ಕಾಣದಿರುವುದಕ್ಕೆ ಇದೂ ಒಂದು ಕಾರಣವಿರಬಹುದೇ ಎಂಬ ಪ್ರಶ್ನೆ ಅದರಿಂದ ಎದ್ದಿತು. ಸೋಂಕಿನಿಂದ ಮೆದುಳಿಗಾಗುವ ತೊಂದರೆಗಳನ್ನು ನಿಮ್ಹಾನ್ಸ್‌ನ ವೈದ್ಯರು ವರ್ಷಾನುಗಟ್ಟಲೆ ದಾಖಲಿಸಿಕೊಂಡು ಬಂದಿದ್ದರಿಂದಲೇ ಇಂಥ ಪ್ರಶ್ನೆಯನ್ನು ಇಲ್ಲಿ ಕುಳಿತು ಕೇಳಲು ಸಾಧ್ಯವಾಯಿತೆಂಬುದನ್ನು ಮರೆಯಬಾರದು.

ಭಾರತೀಯ ವಿಜ್ಞಾನ ಸಂಸ್ಥೆ, ನಮ್ಮ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, ಇನ್ನೊಂದು ದಿಕ್ಕಿನಿಂದ ಕೆಲಸ ಮಾಡುತ್ತಿದೆ. ಚಿಕಿತ್ಸೆಯಲ್ಲಿರುವವರ ದೇಹದಲ್ಲಿ ವೈರಸ್ ಕೆಲವು ಕೋಶಗಳೊಳಗೆ ಸುಪ್ತವಾಗಿ ಅಡಗಿರುತ್ತದೆ. ಮಾತ್ರೆ ನಿಲ್ಲಿಸಿದರೆ ಮತ್ತೆ ಏಳುತ್ತದೆ. ಅಮಿತ್ ಸಿಂಗ್ ಮತ್ತು ಗೋವಿಂದಸಾಮಿ ಮುಗೇಶ್ ಅವರ ತಂಡಗಳು ವೆನೇಡಿಯಂ ಪೆಂಟಾಕ್ಸೈಡ್‌ನ ಅತಿಸೂಕ್ಷ್ಮ ಹಾಳೆಗಳಿಂದ ಕೃತಕ ಕಿಣ್ವವೊಂದನ್ನು ರೂಪಿಸಿ, ಈ ಮರುಎಚ್ಚರವನ್ನು ತಡೆಯಬಹುದೆಂದು 2021ರಲ್ಲಿ ತೋರಿಸಿದವು. ಇದು ನಡೆದದ್ದು ಪ್ರಯೋಗಾಲಯದ ಜೀವಕೋಶಗಳಲ್ಲಿ, ಮನುಷ್ಯರಲ್ಲಿ ಅಲ್ಲ. ಪತ್ರಿಕೆಗಳ ತಲೆಬರಹದಲ್ಲಿ ಈ ವ್ಯತ್ಯಾಸ ಬಿಟ್ಟುಹೋಗುವುದುಂಟು. ಅಲ್ಲಿಯೇ ರಾಘವನ್ ವರದರಾಜನ್ ಅವರು ವೈರಸ್ಸಿನ ಹೊರಕವಚದ ಪ್ರೋಟೀನನ್ನು ಲಸಿಕೆಗೆ ಒಗ್ಗುವಂತೆ ಮರುವಿನ್ಯಾಸಗೊಳಿಸುವ ಕೆಲಸ ಮಾಡಿದ್ದಾರೆ. ಕೆಮಿಕಲ್ ಎಂಜಿನಿಯರಿಂಗ್ ವಿಭಾಗದ ನರೇಂದ್ರ ದೀಕ್ಷಿತ್ ಅವರು ದೇಹದೊಳಗೆ ವೈರಸ್ಸಿನ ಏರಿಳಿತವನ್ನು ಗಣಿತದ ಸಮೀಕರಣಗಳಲ್ಲಿ ಹಿಡಿಯುತ್ತಾರೆ. ಸೂಕ್ಷ್ಮಜೀವಿವಿಜ್ಞಾನ ಓದುವವರು ಗಣಿತವನ್ನು ಕೈಬಿಡಬಾರದೆಂದು ನಾನು ಹೇಳುವುದು ಇದಕ್ಕೇ.

ನನಗೆ ಇವೆಲ್ಲಕ್ಕಿಂತ ಪ್ರಿಯವಾದದ್ದು ವಿಫಲವಾದ ಅಧ್ಯಯನವೊಂದು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅನಿತಾ ಶೇಟ್ ಮತ್ತು ಸಂಗಡಿಗರು ದಕ್ಷಿಣ ಭಾರತದಲ್ಲಿ ಹೊಸದಾಗಿ ಚಿಕಿತ್ಸೆ ಆರಂಭಿಸಿದ 631 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಅವರದೇ ಭಾಷೆಯಲ್ಲಿ ವಾರಕ್ಕೊಮ್ಮೆ ಮಾತ್ರೆ ನೆನಪಿಸುವ ಮೊಬೈಲ್ ಕರೆ ಹಾಗೂ ಒಂದು ಚಿತ್ರಸಂದೇಶ ಕಳುಹಿಸಿದರು. ಕೆನ್ಯಾದಲ್ಲಿ ಮೊಬೈಲ್ ಸಂದೇಶದಿಂದ ಪ್ರಯೋಜನವಾಗಿದ್ದರಿಂದ ಇಲ್ಲೂ ಆದೀತೆಂಬ ನಿರೀಕ್ಷೆಯಿತ್ತು. 96 ವಾರಗಳ ನಂತರ ನೋಡಿದರೆ ಎರಡು ಗುಂಪುಗಳ ನಡುವೆ ವ್ಯತ್ಯಾಸವೇ ಇರಲಿಲ್ಲ. 2014ರಲ್ಲಿ ಅದನ್ನು ಇದ್ದದ್ದು ಇದ್ದಹಾಗೆ ಪ್ರಕಟಿಸಿದರು. ಮೊಬೈಲೊಂದಿದ್ದರೆ ಎಲ್ಲವೂ ಬಗೆಹರಿಯುತ್ತದೆಂದು ನಂಬುವ ಈ ಊರಿನಲ್ಲಿ ಅಂಥ ಫಲಿತಾಂಶಕ್ಕೆ ಬೆಲೆಯಿದೆ.

ಪ್ರಶ್ನೆ: ನನ್ನ ಗಂಡನಿಗೆ ಎಚ್‌ಐವಿ ಇದೆ. ನನಗೆ ಇಲ್ಲ. ಅವರು ಆರು ವರ್ಷಗಳಿಂದ ಒಂದು ದಿನವೂ ತಪ್ಪಿಸದೆ, ವೈರಸ್ಸನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ, ‘ಪತ್ತೆಯಾಗಿಲ್ಲ’ ಎಂದು ವರದಿಯಲ್ಲಿದೆ. ಮಗು ಬೇಕೆಂಬ ಆಸೆ. ಅತ್ತೆಗೆ ವಿಷಯ ಗೊತ್ತಿಲ್ಲ, ದಿನವೂ ಕೇಳುತ್ತಾರೆ. ನಾವು ಮಗು ಪಡೆಯಬಹುದೇ?
— ಗೃಹಿಣಿ, ವಿಜಯನಗರ

ಉತ್ತರ: ಪಡೆಯಬಹುದು. ಮುಂದಿನ ಹೆಜ್ಜೆಗಳನ್ನು ನಿಮ್ಮ ಎಆರ್‌ಟಿ ಕೇಂದ್ರದ ವೈದ್ಯರ ಜೊತೆ ಕೂತು ನಿರ್ಧರಿಸಿ. ಆದರೆ ಹೆದರಿಕೆಯನ್ನು ಇಂದೇ ಕಡಿಮೆ ಮಾಡಿಕೊಳ್ಳಲು ಅಡ್ಡಿಯಿಲ್ಲ, ಏಕೆಂದರೆ ಈ ಪ್ರಶ್ನೆಗೆ ಉತ್ತರ ಕೊಡಲೆಂದೇ ನಿಮ್ಮಂಥ ಸಾವಿರಾರು ದಂಪತಿ ಸಂಶೋಧನೆಗೆ ಒಪ್ಪಿಕೊಂಡಿದ್ದರು.

ಎಚ್‌ಪಿಟಿಎನ್ 052 ಎಂಬ ಅಧ್ಯಯನದಲ್ಲಿ ಒಂಬತ್ತು ದೇಶಗಳ 1,763 ಜೋಡಿಗಳಿದ್ದವು. ಎಲ್ಲ ಜೋಡಿಗಳಲ್ಲೂ ಒಬ್ಬರಿಗೆ ಮಾತ್ರ ಸೋಂಕು. ನಮ್ಮ ಚೆನ್ನೈ ಮತ್ತು ಪುಣೆಯ ಜೋಡಿಗಳೂ ಅದರಲ್ಲಿದ್ದರು. ಬೇಗನೆ ಚಿಕಿತ್ಸೆ ಆರಂಭಿಸಿದವರಿಂದ ಸಂಗಾತಿಗೆ ಸೋಂಕು ಹರಡುವುದು ಶೇ 96ರಷ್ಟು ಕಡಿಮೆಯಾಗುತ್ತದೆ ಎಂದು 2011ರಲ್ಲಿ ತಿಳಿದುಬಂತು. ಉಳಿದ ಆ ಶೇ 4 ಏನು ಎಂಬ ಚಿಂತೆಯನ್ನು ಮುಂದೆ ಯುರೋಪಿನಲ್ಲಿ ನಡೆದ ಅಧ್ಯಯನಗಳು ದೂರಮಾಡಿದವು. ಅವುಗಳಲ್ಲಿ 2019ರಲ್ಲಿ ಪ್ರಕಟವಾದದ್ದರಲ್ಲಿ 782 ಪುರುಷ ಜೋಡಿಗಳು ಕಾಂಡೋಮ್ ಇಲ್ಲದೆ ಸುಮಾರು 76,000 ಬಾರಿ ಕೂಡಿದ್ದರೂ, ವೈರಲ್ ಲೋಡ್ ಒಂದು ಮಿಲಿಲೀಟರ್ ರಕ್ತಕ್ಕೆ 200 ಪ್ರತಿಗಳಿಗಿಂತ ಕೆಳಗಿದ್ದ ಸಂಗಾತಿಯಿಂದ ಒಂದು ಸೋಂಕೂ ಹರಡಿರಲಿಲ್ಲ. ಪುರುಷ ಮತ್ತು ಸ್ತ್ರೀ ಜೋಡಿಗಳಿದ್ದ ಹಿಂದಿನ ಅಧ್ಯಯನದಲ್ಲಿಯೂ ಇದೇ ಕಂಡಿತ್ತು. ಪತ್ತೆಯಾಗದಿದ್ದರೆ ಹರಡದು ಎಂದು ಇಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುವುದು ಈ ಆಧಾರದ ಮೇಲೆ. ಸಂಪ್ರದಾಯಸ್ಥ ಮನೆಗಳಲ್ಲಿ ಹೇಳಲು ಸಂಕೋಚವಾಗುವ ವಿವರಗಳನ್ನು ಅಪರಿಚಿತ ಸಂಶೋಧಕರ ಮುಂದೆ ದಾಖಲಿಸಿದ ಆ ಜೋಡಿಗಳಿಗೆ ನಾವೆಲ್ಲ ಋಣಿಗಳು.

ಗರ್ಭಧಾರಣೆಗೆ ಪ್ರಯತ್ನಿಸುವ ಮೊದಲು ವೈರಲ್ ಲೋಡ್ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಿ. ಎಆರ್‌ಟಿ ಕೇಂದ್ರದಲ್ಲಿ ಈ ಪರೀಕ್ಷೆ ಉಚಿತ. ಇಬ್ಬರೂ ಬೇರೆ ಲೈಂಗಿಕ ಸೋಂಕುಗಳ ಪರೀಕ್ಷೆಯನ್ನು ಮಾಡಿಸಿಕೊಳ್ಳಿ. ಇನ್ನಷ್ಟು ಧೈರ್ಯ ಬೇಕೆನಿಸಿದರೆ ಆ ಅವಧಿಯಲ್ಲಿ ನೀವು ಪ್ರೆಪ್ ಎಂಬ ಮುನ್ನೆಚ್ಚರಿಕೆಯ ಮಾತ್ರೆ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ. ನಿಮಗೆ ಸೋಂಕು ಇಲ್ಲದಿದ್ದರೆ ಮಗುವಿಗೆ ಬರುವ ಪ್ರಶ್ನೆಯೇ ಇಲ್ಲ. ಅತ್ತೆಗೆ ಹೇಳಬೇಕೋ ಬೇಡವೋ ಎಂಬುದು ನಿಮ್ಮ ಯಜಮಾನರು ತೀರ್ಮಾನಿಸಬೇಕಾದ ವಿಷಯ. ಅವರ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ತಿಳಿಸದಂತೆ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ರಕ್ಷಣೆ ಕೊಟ್ಟಿದೆ, ಆಸ್ಪತ್ರೆಯವರೂ ಅದನ್ನು ಮೀರುವಂತಿಲ್ಲ.

ಪ್ರಶ್ನೆ: ವಿದೇಶದಲ್ಲಿ ಕೆಲವರು ಎಚ್‌ಐವಿಯಿಂದ ಪೂರ್ತಿ ಗುಣವಾಗಿದ್ದಾರೆ ಎಂದು ಓದಿದೆ. ನಮ್ಮ ಏರಿಯಾದಲ್ಲಿ ಒಬ್ಬರು ಬೇರಿನ ಔಷಧಿಯಿಂದಲೇ ಗುಣಪಡಿಸುವುದಾಗಿ ಫಲಕ ಹಾಕಿದ್ದಾರೆ. ಯಾವುದನ್ನು ನಂಬಬೇಕು?
— ಆಟೋ ಚಾಲಕ, ಕಮಲಾನಗರ

ಉತ್ತರ: ಮೊದಲನೆಯದು ನಿಜ. ಎರಡನೆಯದು ಮೋಸ, ಕಾನೂನಿಗೂ ವಿರುದ್ಧ. ಯಾವ ಕಾಯಿಲೆಗಳನ್ನು ಗುಣಪಡಿಸುವುದಾಗಿ ಔಷಧದ ಹೆಸರಿನಲ್ಲಿ ಹೇಳಿಕೊಳ್ಳಬಾರದು ಎಂದು ನಮ್ಮ ಔಷಧ ನಿಯಮಗಳ ‘ಜೆ’ ಅನುಸೂಚಿ ಪಟ್ಟಿ ಮಾಡಿದೆಯೋ, ಅದರಲ್ಲಿ ಏಡ್ಸ್ ಕೂಡ ಇದೆ.

ಗುಣವಾದವರ ಕಥೆ ಇದು. ಬರ್ಲಿನ್‌ನಲ್ಲಿ ನೆಲೆಸಿದ್ದ ಅಮೆರಿಕದ ಟಿಮೊಥಿ ರೇ ಬ್ರೌನ್ ಅವರಿಗೆ ಎಚ್‌ಐವಿಯ ಜೊತೆಗೆ ರಕ್ತದ ಕ್ಯಾನ್ಸರೂ ಬಂತು. 2007ರಲ್ಲಿ ಅಸ್ಥಿಮಜ್ಜೆಯ ಆಕರಕೋಶಗಳ ಕಸಿ ಮಾಡುವಾಗ ವೈದ್ಯ ಗೆರೋ ಹ್ಯೂಟರ್ ಅವರು, ಸಿಸಿಆರ್5 ಎಂಬ ಬಾಗಿಲು ಹುಟ್ಟಿನಿಂದಲೇ ಕೆಟ್ಟಿರುವ ದಾನಿಯನ್ನು ಹುಡುಕಿದರು. ಸಾಮಾನ್ಯವಾಗಿ ಎಚ್‌ಐವಿ ಜೀವಕೋಶವನ್ನು ಹೊಗುವುದು ಆ ಬಾಗಿಲಿನಿಂದಲೇ. ಕಸಿಯ ನಂತರ ಬ್ರೌನ್ ಎಚ್‌ಐವಿ ಮಾತ್ರೆ ನಿಲ್ಲಿಸಿದರು, ವೈರಸ್ ಮರಳಿ ಬರಲಿಲ್ಲ. 2020ರಲ್ಲಿ ಅವರು ತೀರಿಕೊಂಡದ್ದು ಮರುಕಳಿಸಿದ ಕ್ಯಾನ್ಸರಿನಿಂದ. ಲಂಡನ್ನಿನ ಆಡಂ ಕಾಸ್ಟಿಯೆಹೊ ಅವರ ಪ್ರಕರಣ 2019ರಲ್ಲಿ ಬೆಳಕಿಗೆ ಬಂತು. ಆಮೇಲೆ ಇನ್ನೂ ಕೆಲವರು ಸೇರಿದ್ದಾರೆ. ಎಲ್ಲರನ್ನೂ ಸೇರಿಸಿದರೂ ಬೆರಳೆಣಿಕೆಯ ಲೆಕ್ಕವೇ. ಈ ಕಸಿಯಲ್ಲಿ ಪ್ರಾಣಾಪಾಯವಿರುವುದರಿಂದ, ಕ್ಯಾನ್ಸರಿಗೆ ಅದು ಅನಿವಾರ್ಯವಾದವರಿಗೆ ಮಾತ್ರ ಮಾಡುತ್ತಾರೆ. ದಿನಕ್ಕೊಂದು ಮಾತ್ರೆಯಿಂದ ಎಲ್ಲರಂತೆ ಬದುಕುತ್ತಿರುವವರಿಗೆ ಇದನ್ನು ಮಾಡುವುದು ಚಿಕಿತ್ಸೆಯಲ್ಲ, ಅಪರಾಧ. ಆದರೂ ಇದರಿಂದ ಒಂದು ಸಂಗತಿ ಖಚಿತವಾಯಿತು: ವೈರಸ್ಸನ್ನು ದೇಹದಿಂದ ಹೊರಹಾಕುವುದು ಅಸಾಧ್ಯವಲ್ಲ. ಟಾಟಾ ಇನ್‌ಸ್ಟಿಟ್ಯೂಟಿನ ಪ್ರಯತ್ನಗಳೂ ಸೇರಿದಂತೆ ಇಂದಿನ ಸಂಶೋಧನೆಗೆ ಬಲ ಬಂದದ್ದು ಈ ಖಚಿತತೆಯಿಂದ. ಫಲಕದವರ ಮಾತು ಕೇಳಿ ಯಾರಾದರೂ ಎಆರ್‌ಟಿ ಬಿಟ್ಟಿದ್ದರೆ, ದಯವಿಟ್ಟು ನಿಮ್ಮ ಆಟೋದಲ್ಲೇ ಅವರನ್ನು ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ಆರು ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದು ಎಚ್‌ಐವಿ ಬಾರದಂತೆ ತಡೆಯುತ್ತದೆ ಎನ್ನುತ್ತಾರೆ. ಹಾಗಾದರೆ ಅದೇ ಲಸಿಕೆಯಲ್ಲವೇ? ನಮ್ಮಂಥವರ ಕೈಗೆ ಎಟಕುವ ಬೆಲೆಯೇ?
— ಔಷಧ ಅಂಗಡಿ ಮಾಲೀಕರು, ರಾಜಾಜಿನಗರ

ಉತ್ತರ: ಲಸಿಕೆಯಲ್ಲ. ಲಸಿಕೆ ನಮ್ಮ ದೇಹಕ್ಕೆ ಹೋರಾಟ ಕಲಿಸುತ್ತದೆ, ಲೆನಕಾಪವಿರ್ ಎಂಬ ಈ ಔಷಧ ತಾನೇ ರಕ್ತದಲ್ಲಿ ಉಳಿದು ಕಾವಲು ಕಾಯುತ್ತದೆ. ವೈರಸ್ಸಿನ ತಳಿದ್ರವ್ಯವನ್ನು ಸುತ್ತಿರುವ ಕ್ಯಾಪ್ಸಿಡ್ ಎಂಬ ಒಳಚಿಪ್ಪನ್ನು ಇದು ಹಿಡಿದು ಕಟ್ಟಿಹಾಕುತ್ತದೆ. ಯೂಟಾ ವಿಶ್ವವಿದ್ಯಾಲಯದ ವೆಸ್ಲಿ ಸಂಡ್‌ಕ್ವಿಸ್ಟ್ ಅವರಂಥವರು, ಔಷಧದ ಆಸೆಯಿಂದಲ್ಲದೆ, ಈ ಚಿಪ್ಪು ಹೇಗೆ ಕಟ್ಟಿಕೊಳ್ಳುತ್ತದೆಂಬ ಕುತೂಹಲದಿಂದ ವರ್ಷಗಟ್ಟಲೆ ಅಧ್ಯಯನ ಮಾಡಿದ್ದರ ಫಲವಿದು.

ದಕ್ಷಿಣ ಆಫ್ರಿಕ ಮತ್ತು ಉಗಾಂಡಗಳಲ್ಲಿ ಲಿಂಡಾ-ಗೇಲ್ ಬೆಕರ್ ಅವರ ನೇತೃತ್ವದಲ್ಲಿ ನಡೆದ ಪರೀಕ್ಷೆಯಲ್ಲಿ ಈ ಚುಚ್ಚುಮದ್ದು ಪಡೆದ 2,134 ಯುವತಿಯರ ಪೈಕಿ ಒಬ್ಬರಿಗೂ ಸೋಂಕು ತಗಲಲಿಲ್ಲ. ಅದೇ ಪರೀಕ್ಷೆಯಲ್ಲಿ ದಿನಕ್ಕೊಂದು ಮಾತ್ರೆ ಪಡೆದ ಗುಂಪುಗಳಲ್ಲಿ ಸೋಂಕುಗಳಾದವು. ಮಾತ್ರೆಗೆ ಶಕ್ತಿಯಿಲ್ಲವೆಂದಲ್ಲ, ಹೆಚ್ಚಿನವರು ಅದನ್ನು ದಿನವೂ ತೆಗೆದುಕೊಳ್ಳಲಾಗಲಿಲ್ಲ. ಮನೆಯಲ್ಲಿ ಮಾತ್ರೆಯ ಡಬ್ಬಿ ಕಂಡರೆ ಏನೆಂದುಕೊಂಡಾರೋ ಎಂಬ ಅಳುಕು ಕೇಪ್‌ಟೌನಿನ ಹುಡುಗಿಗೂ ಕಲಾಸಿಪಾಳ್ಯದ ಹುಡುಗಿಗೂ ಒಂದೇ. ವರ್ಷಕ್ಕೆರಡು ಸಲ ಹೊಟ್ಟೆಯ ಚರ್ಮದಡಿ ಚುಚ್ಚಿಸಿಕೊಂಡರೆ ಆ ಅಳುಕಿಗೆ ಎಡೆಯಿಲ್ಲ.

ಬೆಲೆಯದು ವಿಚಿತ್ರ ಕಥೆ. 2025ರ ಜೂನ್‌ನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಾಗ ವರ್ಷಕ್ಕೆ 28,000 ಡಾಲರಿಗೂ ಮೇಲೆ ಬೆಲೆ ಕಟ್ಟಲಾಯಿತು. ಆದರೆ ಇದನ್ನು ತಯಾರಿಸುವ ಗಿಲಿಯಡ್ ಕಂಪನಿ 120 ದೇಶಗಳಿಗೆ ಅಗ್ಗದ ರೂಪ ತಯಾರಿಸಲು ಆರು ತಯಾರಕರಿಗೆ ಪರವಾನಗಿ ಕೊಟ್ಟಿದ್ದು, ಹೈದರಾಬಾದಿನ ಡಾ. ರೆಡ್ಡೀಸ್ ಮತ್ತು ಹೆಟೆರೊ, ಪುಣೆಯ ಎಮ್ಕ್ಯೂರ್ ಅವುಗಳಲ್ಲಿವೆ. 2027ರಿಂದ ವರ್ಷಕ್ಕೆ ಸುಮಾರು 40 ಡಾಲರಿಗೆ ಒದಗಿಸುವ ಒಪ್ಪಂದ 2025ರ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು. ಒಂದೇ ಔಷಧಕ್ಕೆ ಎರಡು ಬೆಲೆಗಳ ನಡುವೆ ಏಳುನೂರು ಪಟ್ಟು ಅಂತರ! ಇಂಥದ್ದು ಮೊದಲ ಬಾರಿಯೇನಲ್ಲ. ವರ್ಷಕ್ಕೆ 10,000 ಡಾಲರಿಗೂ ಮಿಗಿಲಾಗಿದ್ದ ಮೂರು ಔಷಧಗಳ ಚಿಕಿತ್ಸೆಯನ್ನು ಸಿಪ್ಲಾದ ಯೂಸುಫ್ ಹಮೀದ್ ಅವರು 2001ರಲ್ಲಿ 350 ಡಾಲರಿಗೆ ಕೊಡಲು ಮುಂದಾದಾಗಲೂ ಜಗತ್ತು ಹೀಗೆಯೇ ಬೆರಗಾಗಿತ್ತು. ಅಂಗಡಿಗೆ ಬಂದು ಕೇಳುವವರಿಗೆ ಸದ್ಯ ದಿನನಿತ್ಯದ ಪ್ರೆಪ್ ಮಾತ್ರೆಯ ಬಗ್ಗೆ ಹೇಳಿ. ವೈದ್ಯರ ಚೀಟಿಯಿಲ್ಲದೆ, ಎಚ್‌ಐವಿ ಪರೀಕ್ಷೆಯಿಲ್ಲದೆ ಮಾತ್ರ ಕೊಡಬೇಡಿ.

ಪ್ರಶ್ನೆ: ಡಿಸೆಂಬರ್ 1ರ ವಿಶ್ವ ಏಡ್ಸ್ ದಿನದಂದು ಶಾಲೆಯಲ್ಲಿ ಮಾತನಾಡಬೇಕಿದೆ. ಮಕ್ಕಳಿಗೆ ನಮ್ಮವರದೇ ಹೆಸರು ಹೇಳಬೇಕೆಂದಿದ್ದೇನೆ. ಯಾರ ಬಗ್ಗೆ ಹೇಳಲಿ?
— ಪ್ರೌಢಶಾಲಾ ಶಿಕ್ಷಕಿ, ಕೆಂಗೇರಿ

ಉತ್ತರ: ಮೊದಲು ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅವರ ಬಗ್ಗೆ ಹೇಳಿ. ಏಡ್ಸ್ ಭಾರತಕ್ಕೆ ಬರುವ ಕಾಯಿಲೆಯೇ ಅಲ್ಲವೆಂದು ದೊಡ್ಡವರೆಲ್ಲ ನಂಬಿದ್ದ ಕಾಲದಲ್ಲಿ, ಮದ್ರಾಸ್ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕಿಯಾಗಿದ್ದ ಸುನೀತಿ ಅವರು ಅದನ್ನು ಹುಡುಕಲು ತಮ್ಮ ವಿದ್ಯಾರ್ಥಿನಿಗೆ ಸೂಚಿಸಿದರು. ನಿರ್ಮಲಾ ಅವರು ಲೈಂಗಿಕ ವೃತ್ತಿಯ ಮಹಿಳೆಯರ ರಕ್ತದ ಮಾದರಿಗಳನ್ನು ಸಂಗ್ರಹಿಸಿ, ಪರೀಕ್ಷೆಯ ಸೌಲಭ್ಯವಿದ್ದ ವೆಲ್ಲೂರಿಗೆ ರೈಲಿನಲ್ಲಿ ಒಯ್ದರು. 1986ರಲ್ಲಿ ಭಾರತದ ಮೊದಲ ಎಚ್‌ಐವಿ ಸೋಂಕುಗಳು ಪತ್ತೆಯಾದದ್ದು ಹಾಗೆ. ಸುನೀತಿ ಅವರು 1993ರಲ್ಲಿ ಚೆನ್ನೈನಲ್ಲಿ ವೈ.ಆರ್.ಜಿ. ಕೇರ್ ಸಂಸ್ಥೆ ಕಟ್ಟಿದರು. ಮೇಲೆ ಹೇಳಿದ 052 ಅಧ್ಯಯನದ ಚೆನ್ನೈ ಕೇಂದ್ರ ಅದೇ. ಅವರು 2015ರಲ್ಲಿ ತೀರಿಕೊಂಡರು, ಪದ್ಮಶ್ರೀ ಬಂದದ್ದು 2017ರಲ್ಲಿ.

ಎರಡನೆಯದಾಗಿ, ಮಕ್ಕಳ ವಯಸ್ಸು ನೋಡಿಕೊಂಡು, ಮೈಸೂರಿನ ಆಶೋದಯ ಸಮಿತಿಯ ಬಗ್ಗೆ ಹೇಳಿ. ಇದು 2004ರಲ್ಲಿ ಶುರುವಾದ ಲೈಂಗಿಕ ವೃತ್ತಿಯವರದೇ ಸಂಘಟನೆ. ಮ್ಯಾನಿಟೋಬ ವಿಶ್ವವಿದ್ಯಾಲಯದ ಸಹಕಾರವಿತ್ತಾದರೂ, ಬಸ್‌ನಿಲ್ದಾಣದಲ್ಲಿ ನಿಂತು ಗೆಳತಿಯರಿಗೆ ಕಾಂಡೋಮ್ ಕೊಟ್ಟವರು, ಅವರನ್ನು ಪರೀಕ್ಷೆಗೆ ಕರೆತಂದವರು, ಪೊಲೀಸರ ಹೊಡೆತ ತಪ್ಪಿಸಲು ಠಾಣೆಗೆ ಹೋಗಿ ಮಾತಾಡಿದವರು ಆ ಮಹಿಳೆಯರೇ. ಪ್ರೆಪ್ ಮಾತ್ರೆ ಭಾರತದಲ್ಲಿ ನಡೆದೀತೇ ಎಂದು ಕೋಲ್ಕತ್ತದ ಸೋನಾಗಾಚಿ ಮತ್ತು ಮೈಸೂರಿನಲ್ಲಿ ಪರೀಕ್ಷಿಸಿದಾಗಲೂ ಜವಾಬ್ದಾರಿ ಹೊತ್ತವರು ಇವರು. ದಿನದ ಮಾತ್ರೆಯನ್ನು ಬೇರೆಡೆ ಅನೇಕರು ಬಿಟ್ಟುಬಿಟ್ಟರೆ, ಇಲ್ಲಿ ಗೆಳತಿಯರು ಮನೆಗೆ ಬಂದು ವಿಚಾರಿಸುತ್ತಿದ್ದುದರಿಂದ ಹೆಚ್ಚಿನವರು ಮುಂದುವರಿಸಿದರು. ಬೆಂಗಳೂರಿನಲ್ಲಿ ಸಂರಕ್ಷ, ಸಂಗಮ, ಸ್ನೇಹದಾನ ಸಂಸ್ಥೆಗಳ ಹೆಸರನ್ನೂ ನೀವು ಸೇರಿಸಬಹುದು. 2003ರಿಂದ ಕರ್ನಾಟಕ ಆರೋಗ್ಯ ಸಂವರ್ಧನಾ ಪ್ರತಿಷ್ಠಾನ, ಅಂದರೆ ಕೆಎಚ್‌ಪಿಟಿ, ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಮಾಡಿದ ಕೆಲಸದ ಮೇಲೆ ಬಂದ ಪ್ರಬಂಧಗಳನ್ನು ಹೊರದೇಶಗಳಲ್ಲಿ ಓದುತ್ತಾರೆ, ನಮ್ಮಲ್ಲಿ ಓದುವವರು ಕಡಿಮೆ.

ಎಆರ್‌ಟಿ ಕೇಂದ್ರಗಳ ಆಪ್ತಸಮಾಲೋಚಕರನ್ನೂ ಬಿಡಬೇಡಿ. 2004ರ ಏಪ್ರಿಲ್ 1ರಂದು ಸರ್ಕಾರ ಉಚಿತ ಚಿಕಿತ್ಸೆ ಆರಂಭಿಸಿದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಗುತ್ತಿಗೆಯ ಸಂಬಳದಲ್ಲಿ, ಎದುರಿಗೆ ಕೂತವರ ಕಣ್ಣೀರು ನಿಲ್ಲುವವರೆಗೂ ಕಾದು, ಆಮೇಲೆ ಮಾತ್ರೆಯ ಹೊತ್ತನ್ನು ವಿವರಿಸುವ ಇವರಿಗೆ ಯಾವ ಪ್ರಶಸ್ತಿಯೂ ಬರುವುದಿಲ್ಲ.

ಪ್ರಶ್ನೆ: ಇಂಥ ಔಷಧಗಳನ್ನು ಬಡವರ ಮೇಲೆ ಪ್ರಯೋಗಿಸಿ ಶ್ರೀಮಂತರಿಗೆ ಮಾರುತ್ತಾರೆ ಎಂಬ ಆರೋಪವಿದೆ. ಸ್ವಯಂಸೇವಕನಾಗಿ ಹೆಸರು ಕೊಡುವುದು ಮೂರ್ಖತನವೇ?
— ಖಾಸಗಿ ಕಂಪನಿ ನೌಕರ, ವೈಟ್‌ಫೀಲ್ಡ್

ಉತ್ತರ: ಆರೋಪಕ್ಕೆ ಆಧಾರವೇ ಇಲ್ಲವೆನ್ನಲಾರೆ. ಮೇಲಿನ ಎರಡು ಬೆಲೆಗಳನ್ನು ನೋಡಿದ ಯಾರಿಗಾದರೂ ಈ ಪ್ರಶ್ನೆ ಬರಬೇಕಾದದ್ದೇ. ಲೆನಕಾಪವಿರ್ ಪರೀಕ್ಷೆ ನಡೆದ ಬ್ರೆಜಿಲ್‌ನಂಥ ದೇಶಗಳೇ ಅಗ್ಗದ ಪರವಾನಗಿಯ ಪಟ್ಟಿಯಿಂದ ಹೊರಗುಳಿದಿವೆ. ಆದರೆ ಅದಕ್ಕೆ ಪರಿಹಾರ ಪರೀಕ್ಷೆಗಳನ್ನು ನಿಲ್ಲಿಸುವುದಲ್ಲ, ಪಾಲ್ಗೊಂಡ ಜನರಿಗೆ ಔಷಧ ಸಿಗಲೇಬೇಕೆಂದು ಮೊದಲೇ ಕರಾರು ಮಾಡಿಸುವುದು.

ನಮ್ಮ 2019ರ ಕ್ಲಿನಿಕಲ್ ಪರೀಕ್ಷಾ ನಿಯಮಗಳ ಪ್ರಕಾರ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಹಾನಿಯಾದರೆ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು. ದುರ್ಬಲ ವರ್ಗದವರು ಹೊಸ ಔಷಧದ ಪರೀಕ್ಷೆಗೆ ಒಪ್ಪುವುದನ್ನು ವಿಡಿಯೊದಲ್ಲಿ ದಾಖಲಿಸಬೇಕೆಂಬ ನಿಯಮವಿದ್ದರೂ, ಎಚ್‌ಐವಿ ಮತ್ತು ಕುಷ್ಠರೋಗದ ಔಷಧಗಳಿಗೆ ಧ್ವನಿಮುದ್ರಣ ಮಾತ್ರ ಸಾಕು ಎಂದಿದೆ. ಮುಖ ಕಾಣಬಾರದೆಂಬ ಕಾಳಜಿಯನ್ನು ನಿಯಮ ಬರೆದವರು ಮರೆತಿಲ್ಲ ಎಂಬುದು ಸಮಾಧಾನದ ಸಂಗತಿ. ಲಸಿಕೆಯ ಪರೀಕ್ಷೆಗೆ ಸೇರುವವರು ತಿಳಿದಿರಬೇಕಾದ ಇನ್ನೊಂದು ವಿಷಯವಿದೆ: ಲಸಿಕೆಯಿಂದ ಹುಟ್ಟಿದ ಪ್ರತಿಕಾಯಗಳಿಂದಾಗಿ, ಸೋಂಕು ಇಲ್ಲದಿದ್ದರೂ ಸಾಮಾನ್ಯ ಎಚ್‌ಐವಿ ಪರೀಕ್ಷೆಯಲ್ಲಿ ‘ಪಾಸಿಟಿವ್’ ಎಂದು ಬರಬಹುದು. ವಿಮೆಗೋ ವೀಸಾಕ್ಕೋ ಹೋದಾಗ ಇದು ತೊಡಕಾಗದಂತೆ ಯಾವ ಪತ್ರ ಕೊಡುತ್ತೀರಿ ಎಂದು ಕೇಳಿಯೇ ಸಹಿ ಹಾಕಿ.

ಸದ್ಯದ ಆತಂಕ ಬೇರೆಯೇ ಇದೆ. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ಹಠಾತ್ತನೆ ತಡೆದಾಗ, ಗ್ಲೆಂಡಾ ಗ್ರೇ ಅವರ ನೇತೃತ್ವದಲ್ಲಿ ದಕ್ಷಿಣ ಆಫ್ರಿಕದ ವಿಜ್ಞಾನಿಗಳು ಸಿದ್ಧಪಡಿಸಿಕೊಂಡಿದ್ದ ಲಸಿಕಾ ಯೋಜನೆಗೇ ಹಣ ನಿಂತುಹೋಯಿತು. ಭಾರತದ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಐದನೇ ಹಂತಕ್ಕೆ ಕೇಂದ್ರ ಸರ್ಕಾರವೇ 15,471.94 ಕೋಟಿ ರೂಪಾಯಿ ಕೊಟ್ಟಿರುವುದರಿಂದ ನಮ್ಮ 25 ಲಕ್ಷಕ್ಕೂ ಹೆಚ್ಚಿನ ಸೋಂಕಿತರ ಮಾತ್ರೆಗೆ ಅಂಥ ಪೆಟ್ಟು ಬಿದ್ದಿಲ್ಲ. ಸಂಶೋಧನೆಗೂ ಸ್ವಂತ ಹಣವನ್ನು ಹೀಗೆಯೇ ತೆಗೆದಿಡಬೇಕೆಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ನರ್ಸಿಂಗ್ ಹೋಮಿನಲ್ಲಿ ಕೆಲಸ ಮಾಡುತ್ತೇನೆ. ಬಳಸಿದ ಸೂಜಿ ಕೈಗೆ ಚುಚ್ಚಿದರೆ ಏನು ಮಾಡಬೇಕು? ಎಲ್ಲರೂ ಬೇರೆ ಬೇರೆ ಹೇಳುತ್ತಾರೆ.
— ಶುಶ್ರೂಷಕಿ, ಪೀಣ್ಯ

ಉತ್ತರ: ಗಾಯವನ್ನು ಹಿಂಡಬೇಡಿ, ಸೋಪು ಮತ್ತು ಹರಿಯುವ ನೀರಿನಲ್ಲಿ ತೊಳೆಯಿರಿ. ಸೋಂಕಿತರ ರಕ್ತವಿದ್ದ ಸೂಜಿಯೇ ಆದರೂ ಎಚ್‌ಐವಿ ತಗಲುವ ಸಂಭವ ಸಾವಿರಕ್ಕೆ ಸುಮಾರು ಮೂರು. ತಡಮಾಡದೆ ಔಷಧ ಆರಂಭಿಸಿದರೆ ಅದೂ ಬಹುಮಟ್ಟಿಗೆ ಇಳಿಯುತ್ತದೆ. ಹೀಗೆ ಸೂಜಿ ಚುಚ್ಚಿಸಿಕೊಂಡ ಆಸ್ಪತ್ರೆ ಸಿಬ್ಬಂದಿಯ ದಾಖಲೆಗಳನ್ನು ಹೋಲಿಸಿ 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜಿಡೊವುಡಿನ್ ಎಂಬ ಒಂದೇ ಔಷಧದಿಂದ ಅಪಾಯ ಶೇ 81ರಷ್ಟು ತಗ್ಗಿದ್ದು ಕಂಡುಬಂದಿತ್ತು. ಈಗ ಕೊಡುವುದು ಮೂರು ಔಷಧಗಳು ಸೇರಿದ ಮಾತ್ರೆ. ಸಾಧ್ಯವಾದರೆ ಎರಡು ಗಂಟೆಯೊಳಗೆ, ಏನೇ ಆದರೂ 72 ಗಂಟೆ ಮೀರದಂತೆ ಆರಂಭಿಸಿ, 28 ದಿನ ಬಿಡದೆ ತೆಗೆದುಕೊಳ್ಳಬೇಕು. ಮೇಲಿನವರು ಬೈದಾರೆಂದು ಮುಚ್ಚಿಡಬೇಡಿ. ರಾತ್ರಿ ಪಾಳಿಯಲ್ಲಿ ಆದರೂ ಬೆಳಗಾಗಲೆಂದು ಕಾಯದೆ ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಎಲ್ಲಿ ಸಿಗುತ್ತದೆಂದು ತಿಳಿಯದಿದ್ದರೆ 1097ಕ್ಕೆ ಕರೆ ಮಾಡಿ, ಅದು ಉಚಿತ ಸಹಾಯವಾಣಿ. ಹೆಪಟೈಟಿಸ್ ಬಿ ಲಸಿಕೆಯನ್ನು ಇನ್ನೂ ಹಾಕಿಸಿಕೊಂಡಿರದಿದ್ದರೆ ಅದನ್ನು ಈ ವಾರವೇ ಹಾಕಿಸಿಕೊಳ್ಳಿ, ಏಕೆಂದರೆ ಸೂಜಿಯಿಂದ ಆ ಕಾಯಿಲೆ ತಗಲುವ ಅಪಾಯ ಎಚ್‌ಐವಿಗಿಂತ ಬಹಳ ಹೆಚ್ಚು.